ಕಪ್ಪು ಬಟ್ಟೆಯೊಳಗಿನ ಬಲಗೈ

ಅವನು ಬಂದ...!

ಕುಮಾಸಿ ಪಟ್ಟಣದಲ್ಲಿ ಅದು ಶನಿವಾರ. ತೀರಿಹೋದ ಅಜ್ಜಿಯ ಅಂತ್ಯಕ್ರಿಯೆಗೆಂದು ಹಾಕಿದ ಶಾಮಿಯಾನದಡಿ ಕಪ್ಪು, ಕೆಂಪು ಬಟ್ಟೆ ಹೊದ್ದ ನೆಂಟರು ಸಾಲಾಗಿ ಕುಳಿತಿದ್ದರು. ಬಂದವರು ಬಲತುದಿಯಿಂದ ಶುರುಮಾಡಿ ಒಬ್ಬೊಬ್ಬರ ಕೈಕುಲುಕುತ್ತಾ ಸಾಗುತ್ತಿದ್ದರು. ಅವರ ನಡುವೆ ಬಾದು ಕಂಡಾಗ ಪೊಕುವಾಳ ಎದೆ ಧಸಕ್ಕೆಂದಿತು.

ಬಾದು ಕೆಜೇತಿಯಾ ಮಾರುಕಟ್ಟೆಯ ದರ್ಜಿ. ಹೆಣ್ಣು ಕೇಳಲು ಹಿರಿಯರೊಡನೆ ಬಂದು ಬಾಗಿಲು ತಟ್ಟುವ ಶಾಸ್ತ್ರ ಮಾಡುತ್ತೇನೆಂದು ಅವಳಿಗೆ ಮಾತು ಕೊಟ್ಟು, ಆ ದಿನ ಬಾರದೇ ಹೋದವನು. ಮನೆಮಂದಿಯೆಲ್ಲ ಸಿಂಗರಿಸಿಕೊಂಡು ಕಾದದ್ದೇ ಬಂತು. ಮಳೆಗಾಲ ಕಳೆದು ಒಣಗಾಳಿ ಬೀಸತೊಡಗಿದರೂ ಅವಳ ಕಿವಿ ಮಾತ್ರ ಇನ್ನೂ ಬಾಗಿಲ ಕಡೆಗೇ ಇತ್ತು. ಹುಚ್ಚು ಹುಡುಗಿ!

'ಒಂದು ಸಲ ನನ್ನ ಕಡೆ ನೋಡೋ...'

ಅವನು ನೋಡಲಿಲ್ಲ. ಬಲಭುಜ ಬಿಟ್ಟು ಹೊದೆಯಬೇಕಾದ ಬಟ್ಟೆಯನ್ನು ಬಲಗೈ ಪೂರ್ತಿ ಮುಚ್ಚುವಂತೆ ಸುತ್ತಿಕೊಂಡಿದ್ದ. ಅವಳ ಸೋದರಮಾವ ಆನ್ಸಾ, ಮನೆತನಕ್ಕೇ ಹಿರಿಯರು. ಬಾದು ನೇರ ಅವರೆದುರು ನಿಂತು ಕೈ ಚಾಚಿದ.

ಎಡಗೈ!

"ಎಡಗೈ? ನನಗೆ?" ಮಾವ ಕೋಲು ಕುಟ್ಟಿದರು. "ಅವತ್ತು ಬಾಗಿಲಿಗೆ ಬರ್ಲಿಲ್ಲ. ಇವತ್ತು ಸಾವಿನ ಮನೇಲಿ ನನ್ನ ಮರ್ಯಾದೆ ಕಳೆಯೋಕೆ ಬಂದ್ಯೇನೋ?"

"ಬಲಗೈನ ಎಲ್ಲೋ ಒತ್ತೆ ಇಟ್ಟು ಬಂದಿದಾನೆ ಬಿಡಿ!" ಹಿಂದಿನ ಸಾಲಿನಲ್ಲಿ ಒಬ್ಬಳು ಕಿಸಕ್ಕೆಂದಳು.

ಬಾದು ತಲೆ ತಗ್ಗಿಸಿ ಹೊರಟೇಬಿಟ್ಟ.

ಪೊಕುವಾ ಹಿಂದೆಯೇ ಓಡಿದಳು. ಹಿತ್ತಲಿನ ಮಾವಿನ ಮರದಡಿ ಅವನನ್ನು ಅಡ್ಡಗಟ್ಟಿದಳು.

"ಕೋಪ ಇದ್ರೆ ನಂಗೆ ಬಯ್ಯಿ. ಮಾವಂಗೆ ಯಾಕೆ ಅವಮಾನ ಮಾಡ್ದೆ? ಬೇರೆ ಯಾರಾದ್ರೂ ಸಿಕ್ಕಿದಾಳಾ? ಹೇಳ್ಬಿಡು... ನಾನೇನೂ ಸಾಯಲ್ಲ!"

ಸಾಯುವಷ್ಟು ನೋವಾಗುತ್ತಿತ್ತು. ಅದು ಅವಳಿಗೂ ಗೊತ್ತಿತ್ತು.

ಅವನು ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ. ಅವಳು ಸಿಟ್ಟಿನಿಂದ ಬಟ್ಟೆ ಜಗ್ಗಿದಳು.

ಬಲಗೈ ಹೊರಬಂತು. ಬಂದದ್ದೇ ಎಗರಿತು... ಬೆರಳು, ಮಣಿಕಟ್ಟು, ಭುಜ, ಯಾರೋ ಒಳಗಿನಿಂದ ದಾರ ಎಳೆದಂತೆ! ಕಣ್ಣು ಮುಚ್ಚಿಕೊಂಡೇ ಸೂಜಿಗೆ ದಾರ ಪೋಣಿಸುತ್ತಿದ್ದ ಕೈ ಅದು.

"ನಿಮ್ಮಮ್ಮ ಆಸ್ಪತ್ರೇಲಿದ್ದಾಗ ಅವ್ರಿಗೋಸ್ಕರ ರಕ್ತ ಕೊಟ್ಟಿದ್ನಲ್ಲ... ಆಮೇಲೆ ಆಸ್ಪತ್ರೆಯವ್ರು ಕರೆದ್ರು. ಕೆಂಪು ಕಣದ ಮೇಲೆ ಇರಬೇಕಾದ ಒಂದು ಪ್ರೋಟೀನು ನಂಗಿಲ್ವಂತೆ. ಕಣಗಳೆಲ್ಲ ಮುಳ್ಳುಮುಳ್ಳಾಗಿದಾವೆ. ಅದಿಲ್ಲದವ್ರಿಗೆ ಬರ್ತಾ ಬರ್ತಾ ಕೈಕಾಲು ತಾನಾಗೇ ಎಗರುತ್ತೆ ಅಂದ್ರು. ವಾಸಿಯಾಗಲ್ಲ, ಪೊಕುವಾ."

"ಅದಕ್ಕೆ ನನ್ನ ಬಿಟ್ಯಾ?"

"ನಿಮ್ಮೋರು ಮದುವೆ ಮುಂಚೆ ನಮ್ಮ ಮನೆತನ ಜಾಲಾಡ್ತಾರೆ. ನನ್ನ ಸೋದರಮಾವ ಹೀಗೇ ಎಗರಿ ಎಗರಿ ಸತ್ತ. ಊರೋರು ಶಾಪ ಅಂದ್ರು. ಇದು ಅಮ್ಮನ ಕಡೆಯಿಂದ ಬಂದಿದ್ದು. ನಾಳೆ ನಮಗೆ ಮಗಳು ಹುಟ್ಟಿದ್ರೆ ಅವಳ ರಕ್ತದಲ್ಲೂ ಇದು ಇರುತ್ತೆ, ಅವಳ ಮಗನಿಗೆ ಬರಬಹುದು... ನಿನ್ನನ್ನ ಯಾಕೆ ಇದಕ್ಕೆಲ್ಲ ಎಳೀಲಿ?"

"ನನ್ನ ಒಂದು ಮಾತು ಕೇಳದೇ ತೀರ್ಮಾನ ಮಾಡೋಕೆ ನೀನೇನು ಊರಿನ ದೊರೆಯಾ?" ಅವಳು ಅವನ ಬಟ್ಟೆಯ ತುದಿ ಬಿಡಲಿಲ್ಲ. "ಮತ್ತೆ ಇವತ್ತು ಯಾಕೆ ಬಂದೆ?"

"ನಿನ್ನ ನೋಡದೇ... ಇರೋಕಾಗ್ಲಿಲ್ಲ."

ಅಷ್ಟು ಸಾಕಾಯಿತು ಅವಳಿಗೆ. ಆ ಬಲಗೈಯನ್ನೇ ಹಿಡಿದು ದರದರನೆ ಶಾಮಿಯಾನದೊಳಗೆ ಎಳೆದು ತಂದಳು.

"ಮಾವ, ತಗೊಳ್ಳಿ ಇವನ ಬಲಗೈ! ನಿಲ್ಲಲ್ಲ ಅಂತ ಮುಚ್ಚಿಟ್ಟಿದ್ದ. ಅಮ್ಮಂಗೆ ರಕ್ತ ಬೇಕು ಅಂದಾಗ ನಿಮ್ಮ ಮಕ್ಕಳಿಗೆಲ್ಲ ಒಟ್ಟಿಗೇ ಜ್ವರ ಬಂತು. ಅವತ್ತು ಚಾಚಿದ್ದು ಇದೊಂದೇ ಕೈ. ಆ ರಕ್ತದಿಂದಾನೇ ಇವನ ಕಾಯಿಲೆ ಗೊತ್ತಾಗಿದ್ದು. ಶಾಪ ಅಲ್ಲ ಮಾವ... ರಕ್ತದಲ್ಲಿ ಒಂದು ಪ್ರೋಟೀನು ಇಲ್ಲ, ಅಷ್ಟೇ. ವಾಸಿಯಾಗಲ್ಲ, ಮುಂದೆ ಮೊಮ್ಮಕ್ಕಳಿಗೂ ಬರಬಹುದು. ಎಲ್ಲ ತಿಳ್ಕೊಂಡೇ ಹೇಳ್ತಿದೀನಿ, ನಂಗೆ ಇವನೇ ಬೇಕು."

ಅವಳ ಹಿಡಿತ ತಪ್ಪಿ ಬಾದುವಿನ ಕೈ ಮಾವನ ಕುರ್ಚಿಯ ತೋಳಿಗೆ ಬಡಿಯಿತು.

ಟಕ್... ಟಕ್ ಟಕ್...

ಈ ಸಲ ಯಾರೂ ನಗಲಿಲ್ಲ. ಮಾವ ಆ ಕೈಯನ್ನೇ ನೋಡಿದರು. ಆಮೇಲೆ ಕೋಲನ್ನು ಪಕ್ಕಕ್ಕಿಟ್ಟು ಎರಡೂ ಕೈಗಳಿಂದ ಅದನ್ನು ಹಿಡಿದುಕೊಂಡರು. ಅವರ ಹಿಡಿತದೊಳಗೂ ಅದು ಎಗರುತ್ತಲೇ ಇತ್ತು.

"ಸಾವಿನ ಮನೇಲಿ ಮದುವೆ ಮಾತು ಬೇಡ," ಎಂದರು. "ಬರೋ ಭಾನುವಾರ ನಿನ್ನ ಹಿರಿಯರನ್ನ ಕರ್ಕೊಂಡು ಬಾ. ಮತ್ತೆ ಕೈಕೊಟ್ರೆ ನಾನೇ ಬಂದು ನಿನ್ನ ಬಾಗಿಲು ಮುರೀತೀನಿ!"

ಅವನನ್ನು ಕಳಿಸಲು ಪೊಕುವಾ ರಸ್ತೆಯವರೆಗೂ ಬಂದಳು. ಬಟ್ಟೆ ಈಗ ಸರಿಯಾಗಿ ಹೊದ್ದಿದ್ದ. ಬಲಗೈ ಎಲ್ಲರಿಗೂ ಕಾಣುತ್ತಿತ್ತು.

"ಭಾನುವಾರ ನಿಮ್ಮ ಬಾಗಿಲಲ್ಲೂ ಹೀಗೇ ಆದ್ರೆ?" ಅವನು ಮೆಲ್ಲಗೆ ಕೇಳಿದ. "ತಟ್ಟೋಕೆ ಶುರು ಮಾಡಿದ್ರೆ ಇದು ನಿಲ್ಲೋದೇ ಇಲ್ಲ ಕಣೇ..."

"ನಿಲ್ಲಿಸ್ಬೇಡ." ಅವಳ ಕಣ್ಣು ತುಂಬಿತ್ತು. "ಎಷ್ಟು ದಿನದಿಂದ ಆ ಸದ್ದಿಗೆ ಕಾದು ಕೂತಿದೀನಿ ಗೊತ್ತಾ? ನಾನು ಬಂದು ತೆಗೆಯೋವರೆಗೂ... ತಟ್ತಾನೇ ಇರು."