‘ಮೈಸರ್’ ಪದದ ಚೀಟಿ

ಬೆಳಿಗ್ಗೆ ನಿಘಂಟು ಕಚೇರಿಯ ಖಾನೆ ಎಳೆದಾಗ ‘ಮೈಸರ್’ ಎಂಬ ಇಂಗ್ಲಿಷ್ ಪದದ ಚೀಟಿ ಮಾಯವಾಗಿತ್ತು. ಜಿಪುಣ ಎಂಬರ್ಥದ ಆ ಪದದ ಮೂಲ ಹುಡುಕಲು ನಮ್ಮ ಪಂಡಿತರು ಹನ್ನೆರಡು ವರ್ಷ ಸವೆಸಿದ್ದರು. ಬೇರೆ ಪ್ರತಿಯಿಲ್ಲ. ಪಂಡಿತರಿಗೀಗ ಮಗಳ ಹೆಸರೂ ನೆನಪಿಲ್ಲ. ‘ನನ್ನ ಪದ ಅಚ್ಚಾಯ್ತಾ?’ ಎಂದಷ್ಟೇ ದಿನವೂ ಕೇಳುತ್ತಾರೆ. ಆ ಪುಟ ಮಧ್ಯಾಹ್ನ ಅಚ್ಚಿಗೆ!

ಆ ಮಗಳೇ ನಮ್ಮ ಟೈಪಿಸ್ಟ್.

“ಕೊನೆಗೆ ಮುಟ್ಟಿದ್ದು ನೀನೇ. ಚೀಟಿ ಕೊಡು, ಇಲ್ಲ ಮನೆಗೆ ನಡಿ,” ಎಂದರು ಸಂಪಾದಕರು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ಬಂದ ಲಕೋಟೆಗಳನ್ನು ಬಿಚ್ಚಿ ಒಳಮೈಯಲ್ಲಿ ಬರೆಯುವವರು.

“ನಮ್ಮಪ್ಪನ ಚೀಟಿ ನಾನ್ಯಾಕೆ ಕದೀಲಿ, ಸರ್?”

ಅವಳು ಕದ್ದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಪ್ರೂಫ್ ನೋಡುವವನ ಮಾತು ಯಾರು ಕೇಳುತ್ತಾರೆ? ಓಡಿಹೋಗಿ ಬೈಂಡರನನ್ನು ಕರೆತಂದೆ. ಕಳೆದ ಹಾಳೆ ಹುಡುಕುವುದರಲ್ಲಿ ಎತ್ತಿದ ಕೈ. ಎಲ್ಲರೂ ಕರೆಯುವುದು ‘ಭೂತಗನ್ನಡಿ’ ಎಂದೇ.

“ಚೀಟೀಲಿ ಏನಿತ್ತಮ್ಮಾ?”

“ಲ್ಯಾಟಿನ್‌ನಲ್ಲಿ ಅದಕ್ಕೆ ಜಿಪುಣ ಅಂತ ಅರ್ಥಾನೇ ಇರ್ಲಿಲ್ವಂತೆ ಅಣ್ಣ. ನತದೃಷ್ಟ, ಪಾಪದವನು ಅಂತ. ಆಮೇಲೆ ಜಿಪುಣರಿಗೆ ಹೇಗೆ ಅಂಟ್ಕೊಂಡಿತು ಅಂತ ಅಪ್ಪ ಉದಾಹರಣೆ ಸಮೇತ ಬರೆದಿದ್ರು. ಅದೊಂದೂ ನಂಗೆ ನೆನಪಿಲ್ಲ.”

“ನಿನ್ನೆ ಎಲ್ಲಿಟ್ಟೆ?”

“ಸರ್ ಮೇಜಿನ ಮೇಲೆ. ಬಿಸಿಲಿಗೆ ಶಾಯಿ ಮಾಸುತ್ತೆ ಅಂತ ಮಗುಚಿಟ್ಟೆ — ಯಾವಾಗ್ಲೂ ಹಾಗೇ.”

“ಸುಳ್ಳು! ಖಾಲಿ ಕಾಗದ ಬಿಟ್ಟು ಅಲ್ಲೇನೂ ಇರ್ಲಿಲ್ಲ!” ಸಂಪಾದಕರು ಗುಡುಗಿದರು.

ಭೂತಗನ್ನಡಿ ಸುತ್ತ ನೋಡಿದ. ದೀಪದ ಸ್ವಿಚ್ಚಿನ ಪಕ್ಕ ಹೊಸ ನೋಟೀಸು — ‘ಕಾಗದ ಪೋಲು ಮಾಡಬೇಡಿ.’

“ಇದು ಯಾವಾಗಿನದು?”

“ನಿನ್ನೆ ಸಂಜೆ ನಾನೇ ಅಂಟಿಸಿದ್ದು,” ಎಂದರು ಸಂಪಾದಕರು.

“ಬೆಳಿಗ್ಗೆಯಿಂದ ಎಲ್ರೂ ಇದನ್ನ ಓದಿದ್ದೀರಿ. ಅಂಚಿನ ತೂತು ಯಾರ ಕಣ್ಣಿಗೂ ಬೀಳ್ಲಿಲ್ಲ. ಖಾನೆಯ ಕಂಬಿಗೆ ಪೋಣಿಸೋಕೆ ಚೀಟಿಗಳಿಗೆ ತೂತು ಹಾಕ್ತೀರಿ. ನೋಟೀಸಿಗ್ಯಾಕೆ? ಮಗುಚಿದ ಚೀಟೀನ ಖಾಲಿ ಕಾಗದ ಅಂದ್ಕೊಂಡು ಎತ್ಕೊಂಡವರು ನೀವೇ, ಸರ್.”

ಟೈಪಿಸ್ಟ್ ನೋಟೀಸಿನತ್ತ ಓಡಿದಳು. ನೀರು ಹಚ್ಚಿ, ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಜನ್ಮದಲ್ಲಿ ಮೊದಲ ಬಾರಿಗೆ ಸಂಪಾದಕರು ಧಾರಾಳ ತೋರಿದ್ದು ಅಂಟಿನಲ್ಲಿ. ಗೋಡೆಯ ಸುಣ್ಣ ಕಿತ್ತುಬಂತು, ಚೀಟಿಯ ಶಾಯಿ ಅಂಟಿನಲ್ಲಿ ಕಲಸಿಹೋಗಿತ್ತು. ಒಂದಕ್ಷರ ಉಳಿಯಲಿಲ್ಲ.

ಸಂಪಾದಕರು ನನ್ನತ್ತ ತಿರುಗಿದರು. “ಆ ಪದ ಬಿಟ್ಟು ಅಚ್ಚು ಮಾಡಿ.” ಆಮೇಲೆ ಗೋಡೆಯತ್ತ ನೋಡಿದರು. “ಇದಕ್ಕೆ ಸುಣ್ಣ ಯಾರು ಬಳೀತಾರೆ? ಕಿತ್ತವಳು ನೀನು, ನಾಳೆಯಿಂದ ಬರಬೇಡ.”

ಅವಳು ಅಳಲೂ ಇಲ್ಲ. ಒದ್ದೆ ಕಾಗದದ ಮುದ್ದೆಯನ್ನು ಬಿಗಿಹಿಡಿದು ನಿಂತಿದ್ದಳು.

“ಅಣ್ಣಾ, ಅಪ್ಪ ಬಾಗಿಲಲ್ಲೇ ಕೇಳ್ತಾರೆ, ಅಚ್ಚಾಯ್ತಾ ಅಂತ. ಏನು ಹೇಳ್ಲಿ?”

ಭೂತಗನ್ನಡಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.