ಚಟ್ಟದ ಮೇಲಿನ ಹುಡುಗ

ಸುಗುಣ ಅವನನ್ನು ಮೊದಲ ಸಲ ನೋಡಿದಾಗ ಅವನು ಚಟ್ಟದ ಮೇಲೆ ಮಲಗಿದ್ದ. ಬಿಳಿ ಅಂಗಿಯ ತುಂಬ ಕೆಂಪು ಬಣ್ಣ, ಕೊರಳಲ್ಲಿ ಚೆಂಡುಹೂವಿನ ಹಾರ, ಮೂಗಿಗೆ ಹತ್ತಿ.

ಅದು ತೆಲುಗಿನಲ್ಲಿ ಊರ ಹಗೆತನದ ಫ್ಯಾಕ್ಷನ್ ಸಿನಿಮಾಗಳ ಕಾಲ. ಹೈದರಾಬಾದಿನವರು ಬತ್ತಿದ ಪೆನ್ನಾ ನದಿಯ ಮರಳಲ್ಲಿ ಶೂಟಿಂಗ್ ಇಟ್ಟಿದ್ದರು. ಕಥೆ ಅಲ್ಲಿಯದೇ. ಎರಡು ಮನೆತನ, ಒಂದು ಎಲೆಕ್ಷನ್, ಸಾಲು ಸಾಲು ಸುಮೋ, ಮಚ್ಚು. ಶವಯಾತ್ರೆಗೆ ಜನ ಬೇಕೆಂದು ಈಚೆ ದಡದ ಚಿಂತಲವಂಕ, ಆಚೆ ದಡದ ಪಾಲಬಂಡ, ಎರಡೂ ಊರಿನವರನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ತಂದಿದ್ದರು. ಆ ಊರುಗಳ ನಡುವೆ ನಿಜವಾದ ಹೆಣಗಳೇ ಬಿದ್ದಿದ್ದವೆಂದು ಸಿನಿಮಾದವರಿಗೆ ಯಾರೂ ಹೇಳಿರಲಿಲ್ಲ.

ಸತ್ತವನ ಹೆಂಡತಿಯ ಪಾತ್ರಕ್ಕೆ ಚಿಂತಲವಂಕದ ಸುಗುಣಳನ್ನು ಆರಿಸಿದರು.

“ಮೇಲೆ ಬಿದ್ದು ಅಳಬೇಕಮ್ಮ,” ಎಂದ ಅಸಿಸ್ಟೆಂಟು.

ಅವಳಿಗೆ ಅಳು ಬರಲಿಲ್ಲ. ಅವಳು ಚಿಕ್ಕವಳಿದ್ದಾಗ ಅಪ್ಪನನ್ನು ಪಾಲಬಂಡದವರು ಸಂತೆಯ ದಾರಿಯಲ್ಲಿ ಕಡಿದು ಹಾಕಿದ್ದರು. ಸೇಡು ತೀರುವ ತನಕ ಮನೆಯಲ್ಲಿ ಯಾರೂ ಕಣ್ಣೀರು ಹಾಕಕೂಡದೆಂದು ಅಣ್ಣ ನರಸಿಂಹುಲು ಅಪ್ಪಣೆ ಮಾಡಿದ್ದ. ಅಮ್ಮ ವೀರಮ್ಮ ಕೂಡ ತುಟಿ ಬಿಗಿಹಿಡಿದಿದ್ದಳು. ಅಳುವುದೇ ಆ ಮನೆಗೆ ಮರೆತುಹೋಗಿತ್ತು.

ಆದರೆ ಚಟ್ಟದ ಬಳಿ ಬಗ್ಗಿದಾಗ ಅಪ್ಪನ ಚಟ್ಟದ ಮೇಲಿದ್ದ ಅದೇ ಚೆಂಡುಹೂವಿನ ವಾಸನೆ ಮೂಗಿಗೆ ಬಡಿಯಿತು. ಅವನ ಎದೆಗೆ ಹಣೆಯೊತ್ತಿ, ಅಷ್ಟು ವರ್ಷದ್ದೆಲ್ಲ ಸೇರಿಸಿ ಅತ್ತಳು.

“ಏ ಹುಡುಗಿ,” ಹೆಣ ತುಟಿ ಅಲುಗಿಸದೆ ಪಿಸುಗುಟ್ಟಿತು. “ಮೆಲ್ಲಗೆ ಅಳು. ನಿಜವಾಗ್ಲೂ ಸತ್ತೋದ್ನೇನೋ ಅಂತ ನಂಗೇ ಅನುಮಾನ ಬಂತು.”

ಅಳುತ್ತಿದ್ದವಳಿಗೆ ನಗು ಉಕ್ಕಿತು. ಡೈರೆಕ್ಟರು ಬೈದ. ಶಾಟನ್ನು ಮತ್ತೆ ತೆಗೆದರು, ಮತ್ತೆ ಮತ್ತೆ ತೆಗೆದರು. ಪ್ರತಿ ಸಲವೂ ಅವನು ರೆಪ್ಪೆಯ ಸಂದಿಯಿಂದ ಅವಳನ್ನು ನೋಡುತ್ತಿದ್ದ. ಹಾಗೆ ನೋಡುತ್ತಿದ್ದಾನೆಂದು ಗೊತ್ತಾಗಿ, ಅವಳು ಸೆರಗು ಸರಿಮಾಡುವ ನೆಪದಲ್ಲಿ ಅವನ ಕಿವಿ ಹಿಂಡಿದಳು.

ಊಟದ ಹೊತ್ತಿಗೆ ಅವನು ಹತ್ತಿ ಕಿತ್ತೆಸೆದು, ಮಂಡಕ್ಕಿ ಉಗ್ಗಾಣಿಯ ತಟ್ಟೆ ಹಿಡಿದು ಬಂದ.

“ಗಂಡ ಸತ್ತ ದುಃಖದಲ್ಲೂ ಚೆನ್ನಾಗೇ ತಿಂತಾ ಇದೀಯ.”

“ಸತ್ತೋನು ನೀನೂ ಏನು ಕಮ್ಮಿ ತಿಂತಿಲ್ಲ. ಯಾವೂರು?”

“ಪಾಲಬಂಡ. ಓಬುಳೇಶು ಅಂತಾರೆ. ನಿಂದು?”

ಅವಳ ಕೈ ತಟ್ಟೆಯಲ್ಲೇ ನಿಂತಿತು. ಅವಳ ಕಣ್ಣು ಈಚೆ ದಡದ ಕಡೆ ಹೋಯಿತು. ಅವನಿಗೆ ಅರ್ಥವಾಯಿತು.

“ನಮ್ಮಪ್ಪ ಈ ಹಗೇಲೇ ಹೋದ,” ಎಂದ ಮೆಲ್ಲಗೆ. “ನಿಮ್ಮೋರ ಕೈಲೇ.”

ನಾಳೆ ಬರಬಾರದೆಂದು ಅವಳು ನಿಶ್ಚಯ ಮಾಡಿದಳು. ಮರುದಿನ ಎಲ್ಲರಿಗಿಂತ ಮೊದಲು ಟ್ರ್ಯಾಕ್ಟರ್ ಹತ್ತಿದಳು.

ಶೂಟಿಂಗ್ ಮುಗಿದರೂ ಪೆನ್ನಾದ ಮರಳು ಅಲ್ಲೇ ಇತ್ತು. ಒರತೆ ತೋಡಿ ನೀರು ತುಂಬುವ ನೆಪದಲ್ಲಿ ಅವಳು, ಎಮ್ಮೆಗೆ ನೀರು ಕುಡಿಸುವ ನೆಪದಲ್ಲಿ ಅವನು. ಎಂಥ ಸಂಜೆಗಳು ಅವು. ಮಾತಿಗಿಂತ ಹೆಚ್ಚಾಗಿ ಸುಮ್ಮನೆ ಕೂತದ್ದೇ ಅವಳಿಗೆ ಈಗಲೂ ನೆನಪು.

ದಸರೆಗೆ ಸಿನಿಮಾ ಪ್ರೊದ್ದುಟೂರಿಗೆ ಬಂತು. ಮನೆಯವರೆಲ್ಲ ಹೋದರು. ಕಡಿದಾಟ ಬಂದಾಗ ನರಸಿಂಹುಲು ಶಿಳ್ಳೆ ಹೊಡೆದ. ಶವಯಾತ್ರೆ ಬಂದಾಗ ವೀರಮ್ಮ ತೆರೆಯ ಮೇಲಿನ ಮಗಳನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

ಮನೆಯಲ್ಲಿ ರಾಗಿ ಸಂಗಟಿ ಬಡಿಸುತ್ತ ಕೇಳಿದಳು: “ಆ ಅಳು ಸುಳ್ಳಲ್ಲ. ಯಾರೇ ಆ ಹುಡುಗ?”

ಸುಗುಣ ಮುಚ್ಚಿಡಲಿಲ್ಲ. ಹೆಸರು ಹೇಳಿದಳು, ಊರೂ ಹೇಳಿದಳು. ನರಸಿಂಹುಲು ತಟ್ಟೆ ತಳ್ಳಿ ಎದ್ದ. ಅವನ ಕಣ್ಣು ಸೂರಿನಲ್ಲಿ ಸಿಕ್ಕಿಸಿದ್ದ ಮಚ್ಚಿನ ಮೇಲಿತ್ತು.

“ಕೂತ್ಕೋ,” ಎಂದಳು ವೀರಮ್ಮ.

“ಅಮ್ಮಾ, ಅಪ್ಪನ್ನ ಮರೆತ್ಯಾ?”

“ಮರೆತಿಲ್ಲ ಕಣಪ್ಪ. ನೀನು ಅಳಬ್ಯಾಡ ಅಂದೆ, ಅಳಲಿಲ್ಲ. ಇವತ್ತು ನನ್ನ ಮಗಳು ಮದುವೆಗೆ ಮುಂಚೆನೇ ಮುಂಡೆಯಾಗಿ ಅಳೋದನ್ನ ನೋಡಿ ಬಂದೆ. ಇನ್ನೊಂದು ಸಲ ನೋಡೋ ಶಕ್ತಿ ನಂಗಿಲ್ಲ.”

ಬೆಳಗ್ಗೆ ಮಗಳ ಕೈಹಿಡಿದು ಅವಳು ಮರಳು ದಾಟಿದಳು. ಪಾಲಬಂಡದ ಬೀದಿಯಲ್ಲಿ ಜನ ಬಾಗಿಲಿಗೆ ಬಂದು ನಿಂತರು. ಓಬುಳೇಶುವಿನ ತಾಯಿ ತಿಮ್ಮಕ್ಕ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. ವೀರಮ್ಮನ ಗುರುತು ಹಿಡಿದು ಕೈ ನಿಲ್ಲಿಸಿದಳು.

“ಬಾಯಾರಿಕೆ ಆಗೈತೆ, ವದಿನಾ,” ಎಂದಳು ವೀರಮ್ಮ. “ಒಂಚೂರು ನೀರು ಕೊಡು.”

ಚಿಂತಲವಂಕದಲ್ಲಿ ಆ ಊರಿನವರನ್ನು ವದಿನಾ, ಅತ್ತಿಗೆ, ಎಂದು ಕರೆಯುವವರು ಯಾರೂ ಉಳಿದಿರಲಿಲ್ಲ.

“ನಮ್ಮನೆ ನೀರು ನಿನ್ನ ಗಂಟಲಲ್ಲಿ ಇಳೀತದಾ?”

“ಕೊಟ್ಟು ನೋಡು.”

ತಿಮ್ಮಕ್ಕ ಸುಗುಣಳ ಮುಖ ನೋಡಿದಳು. ಆಮೇಲೆ ಸೊಂಟ ಹಿಡಿದು ಎದ್ದು ಒಳಗೆ ಹೋದಳು. ನರಸಿಂಹುಲು ಅಷ್ಟರಲ್ಲಿ ಬೀದಿಯ ತುದಿಗೆ ಬಂದಿದ್ದ. ಬರಿಗೈಯಲ್ಲಿದ್ದ, ಹತ್ತಿರ ಬರಲಿಲ್ಲ, ಹಿಂದಿರುಗಿಯೂ ಹೋಗಲಿಲ್ಲ.

ಓಬುಳೇಶು ಬಾಗಿಲಲ್ಲಿ ಕಾಣಿಸಿಕೊಂಡ. ಮುಖ ಬಿಳಿಚಿಹೋಗಿತ್ತು.

“ಹೆದರಿದೆಯಾ?” ಸುಗುಣ ಪಿಸುದನಿಯಲ್ಲಿ ಕೇಳಿದಳು.

“ಹೂಂ. ಆದ್ರೂ ಒಳಗೆ ಓಡಿಹೋಗ್ಲಿಲ್ಲ ನೋಡು.”

ತಿಮ್ಮಕ್ಕ ಎರಡು ಲೋಟ ಮಜ್ಜಿಗೆ ತಂದಳು. ವೀರಮ್ಮ ತನ್ನದನ್ನು ಒಂದೇ ಗುಟುಕಿಗೆ ಕುಡಿದಳು. ಖಾಲಿ ಲೋಟ ಕೆಳಗಿಟ್ಟು, ಮಂಡಿ ಮೇಲೆ ತಲೆಯಿಟ್ಟಳು. ಅವಳ ಬೆನ್ನು ನಡುಗತೊಡಗಿತು. ತಿಮ್ಮಕ್ಕ ಪಕ್ಕದಲ್ಲಿ ಕೂತು ಆ ಬೆನ್ನ ಮೇಲೆ ಕೈಯಿಟ್ಟಳು.

“ಅಳು ವದಿನಾ,” ಎಂದಳು. “ನಾನೂ ಇಲ್ಲೀತನಕ ಅತ್ತಿಲ್ಲ.”