ಮೂರನೇ ಕೋಣೆಯ ಕಾವು

"ಆ ಚಿಲಕ ಮುಟ್ಟಬೇಡಿಮ್ಮ. ಈ ಚಳಿಯಲ್ಲಂತೂ ಬೇಡವೇ ಬೇಡ."

ದೀಪದಜ್ಜಿ ಹೀಗೆನ್ನುವಷ್ಟರಲ್ಲಿ ಹೊಸ ಮೇಲ್ವಿಚಾರಕಿಯ ಕೈ ಆಗಲೇ ಚಿಲಕದ ಮೇಲಿತ್ತು. ಅವಳು ಕೈ ತೆಗೆಯಲಿಲ್ಲ. ತಿರುಗಿ ನೋಡಿ ನಕ್ಕಳು.

"ಯಾಕಜ್ಜಿ, ಒಳಗೆ ಯಾರಾದರೂ ಬಟ್ಟೆ ಬದಲಾಯಿಸ್ತಿದ್ದಾರಾ?"

ಪಕ್ಕದಲ್ಲಿ ನಿಂತಿದ್ದ ಕೆಲಸದ ಹೆಂಗಸರು ಯಾರೂ ನಗಲಿಲ್ಲ. ಒಬ್ಬಳು ಎರಡು ಹೆಜ್ಜೆ ಹಿಂದೆ ಸರಿದಳು.

ಮೊಟ್ಟೆಗೆ ಯಂತ್ರದಿಂದ ಕಾವು ಕೊಟ್ಟು ಕೋಳಿಮರಿ ಮಾಡಿಸುವ ಹ್ಯಾಚರಿ ಅದು. ಉದ್ದನೆಯ ಪಡಸಾಲೆ, ಎರಡೂ ಬದಿ ದಪ್ಪ ಬಾಗಿಲ ಕೋಣೆಗಳು, ಒಳಗೆ ತಟ್ಟೆಯ ಮೇಲೆ ತಟ್ಟೆಯಾಗಿ ಸಾವಿರಾರು ಮೊಟ್ಟೆಗಳು. ಗಾಳಿಯಲ್ಲಿ ಸದಾ ಹಸಿ ಗರಿ, ಔಷಧಿ ನೀರು, ಒಡೆದ ಲೋಳೆಯ ವಾಸನೆ. ಮೇಲ್ವಿಚಾರಕಿ ಇಲ್ಲಿಗೆ ಬಂದು ಎಂಟೇ ದಿನ. ಆದರೆ ಆ ಎಂಟು ದಿನದಲ್ಲಿ ಬಿದ್ದ ಚಳಿಯನ್ನು ಹುಟ್ಟಿದಾಗಿನಿಂದ ಅಲ್ಲೇ ಇದ್ದವರೂ ಕಂಡಿರಲಿಲ್ಲ. ನಲ್ಲಿಯ ಬಾಯಲ್ಲೇ ನೀರು ಹೆಪ್ಪುಗಟ್ಟಿ ಜೋತುಬಿದ್ದಿತ್ತು. ಅಂಗಳದ ಹುಲ್ಲು ಕಾಲಿಟ್ಟರೆ ಗಾಜಿನಂತೆ ಮುರಿಯುತ್ತಿತ್ತು. ಅಂಥ ಹೊತ್ತಿನಲ್ಲೇ ಒಂದನೇ ಕೋಣೆಯ ಯಂತ್ರ ಸುಟ್ಟು ಕೈಕೊಟ್ಟಿತ್ತು. ಅಂದಷ್ಟೇ ಕಾವಿಗಿಟ್ಟ ಹತ್ತು ಸಾವಿರ ಮೊಟ್ಟೆ ನಿಂತ ನಿಲುವಿನಲ್ಲೇ ತಣ್ಣಗಾಗುತ್ತಿದ್ದವು.

ಮೂರನೇ ಕೋಣೆ ಮಾತ್ರ ಖಾಲಿ. ಬಾಗಿಲು ಮುಚ್ಚಿಯೇ ಇರುತ್ತಿತ್ತು, ಒಳಗೆ ಹೀಟರ್ ಮಾತ್ರ ಹಗಲೂ ರಾತ್ರಿ ಉರಿಯುತ್ತಿತ್ತು. ಯಾರಿಗಾಗಿ? ಕೇಳಿದರೆ ಎಲ್ಲರೂ ಯಜಮಾನರನ್ನೇ ಕೇಳಿ ಎನ್ನುವವರೇ. ಅವಳು ಯಜಮಾನರಿಗೇ ಫೋನು ಮಾಡಿದ್ದಳು.

"ಆ ಕೋಣೆ ವಿಷಯ ನಿಮ್ಮಿಷ್ಟಮ್ಮ," ಎಂದಿದ್ದರು ಅವರು. "ತೆಗೀರಿ ಅಂತಾನೂ ನಾನು ಹೇಳಲ್ಲ, ಬೇಡ ಅಂತಾನೂ ಹೇಳಲ್ಲ."

ಈಗ ಅವಳು ಚಿಲಕವನ್ನು ಹತ್ತಿರದಿಂದ ನೋಡಿದಳು. ಚಿಲಕದಿಂದ ಗೋಡೆಯ ಮೊಳೆಯವರೆಗೆ ಒಂದು ಕಪ್ಪು ಹುರಿ. ಅದರಲ್ಲಿ ಏಳು ಗಂಟು. ಒಂದೊಂದು ಗಂಟಿನಲ್ಲೂ ತಾಮ್ರದ ತಗಡಿನ ಚೂರು, ಹಾವಿನ ಪೊರೆ, ಮನುಷ್ಯರ ಕೂದಲು. ಮುಟ್ಟಿದರೆ ಅಂಟಂಟು. ಮೂಗಿಗೆ ತಂದರೆ ಸುಟ್ಟೆಣ್ಣೆಯ ಕಮಟು.

"ಮಾಟ ಅದು," ಎಂದಳು ದೀಪದಜ್ಜಿ ಸಣ್ಣ ದನಿಯಲ್ಲಿ. "ಕಡಿದವರಿಗೆ ತಗಲುತ್ತೆ."

"ತಗಲಲಿ ಬಿಡಿ. ನನ್ನ ಹತ್ತು ಸಾವಿರ ಮೊಟ್ಟೆ ಸಾಯ್ತಾ ಇವೆ. ಒಂದು ದಾರಕ್ಕೆ ಹೆದರಿ ಕೂತರೆ ನನ್ನ ಕೆಲಸಾನೂ ಸಾಯುತ್ತೆ."

ಪೆಟ್ಟಿಗೆ ಕತ್ತರಿಸುವ ಬ್ಲೇಡು ಅವಳ ಜೇಬಿನಲ್ಲಿತ್ತು. ಒಂದೇ ಎಳೆತ. ಹುರಿ ಕಡಿದು ನೆಲಕ್ಕೆ ಬಿತ್ತು. ಅಜ್ಜಿ ಕಣ್ಣು ಮುಚ್ಚಿಕೊಂಡಳು.

ಬಾಗಿಲು ತೆರೆದಾಗ ಮೊದಲು ಬಡಿದದ್ದು ಬಿಸಿ. ಆಮೇಲೆ ಒದ್ದೆ ಮಣ್ಣಿನ, ಹಳೇ ಚರ್ಮದ ವಾಸನೆ. ಹೀಟರಿನ ಕೆಂಪು ಮಂಕಿನಲ್ಲಿ ಗೋಡೆಯ ಬುಡಕ್ಕೆ ಯಾರೋ ಹಗ್ಗದ ರಾಶಿ ಹಾಕಿದಂತಿತ್ತು. ರಾಶಿ ನಿಧಾನಕ್ಕೆ ಉಸಿರಾಡಿತು.

ಹಾವುಗಳು. ಕಂದು, ಬೂದು, ಎಣ್ಣೆಗಪ್ಪು. ಹೊಲ ಬೇಲಿಗಳ ಕಾಡುಹಾವುಗಳೆಲ್ಲ ಚಳಿ ತಾಳದೆ, ನೀರು ಹೋಗುವ ಕಿಂಡಿಯಿಂದ ನುಗ್ಗಿ ಬಂದು, ಒಂದರೊಳಗೊಂದು ಹೆಣೆದುಕೊಂಡು ಮಲಗಿದ್ದವು. ಇಪ್ಪತ್ತಾರು. ಹೆಂಗಸರು ಕಿರುಚಿ ಓಡಿದರು. ಮೇಲ್ವಿಚಾರಕಿ ಓಡಲಿಲ್ಲ.

"ನಾಳೆ ಬೆಳಗಿನವರೆಗೆ ಬಿಡಿ. ಹಾವು ಹಿಡಿಯೋರನ್ನ ಕರೆಸೋಣ," ಎಂದಳು ಅಜ್ಜಿ.

"ನಾಳೆವರೆಗೆ ಮೊಟ್ಟೆ ಉಳಿಯಲ್ಲ."

ಸಲಿಕೆ ತಂದಳು. ಗೋಣಿಚೀಲ ತಂದಳು. ತಾನೇ ಬಾಚಿ ತುಂಬಿದಳು. ನಿದ್ದೆಗಣ್ಣಿನ ಹಾವುಗಳು ಕಚ್ಚಲೂ ಇಲ್ಲ, ಬುಸುಗುಡಲೂ ಇಲ್ಲ. ಬೆಚ್ಚಗೆ, ಮೆತ್ತಗೆ, ಮಲಗಿದ ಮಗುವನ್ನೆತ್ತಿದಷ್ಟು ಭಾರವಾಗಿ ಚೀಲಕ್ಕಿಳಿದವು. ಹಿತ್ತಲ ಗೋಡೆಯಾಚೆ ಹಿಮ ಕಟ್ಟಿದ ನೆಲದ ಮೇಲೆ ಸುರಿದು ಬಂದಳು. ಮಧ್ಯಾಹ್ನ ಹೋಗಿ ನೋಡಿದರೆ ಇಪ್ಪತ್ತಾರೂ ಸೆಟೆದು ಕಟ್ಟಿಗೆಯಾಗಿದ್ದವು. ಒಂದು ಮರಿಹಾವು ಬಾಯಿ ತೆರೆದುಕೊಂಡೇ ಸತ್ತಿತ್ತು. ಅವಳು ಗೋಣಿಚೀಲವನ್ನು ಅದರ ಮೇಲೆ ಹೊದಿಸಿದಳು. ತಲೆ ಕೊಡವಿ ಕೆಲಸಕ್ಕೆ ಹೋದಳು. ಸಂಜೆಗೆ ಹತ್ತು ಸಾವಿರ ಮೊಟ್ಟೆಯೂ ಮೂರನೇ ಕೋಣೆ ಸೇರಿದವು.

ಚಳಿ ಅವಳಿಗೆ ಉಗುರುಗಳಿಂದ ಹತ್ತಿತು.

ಮೊದಮೊದಲು ಕೈಯಲ್ಲಿ ಹಿಡಿದ ಟೀ ತುಟಿಗೆ ತರುವಷ್ಟರಲ್ಲಿ ಆರಿಹೋಗುತ್ತಿತ್ತು. ಮೂರನೇ ದಿನ ಲೋಟದ ಮೇಲೆ ಕೆನೆಯ ಬದಲು ತೆಳುವಾದ ಮಂಜಿನ ಪೊರೆ ಕಂಡಿತು. ಮನೆಯಲ್ಲಿ ಗಂಡನ ಭುಜ ಮುಟ್ಟಿದರೆ ಅವನು ಹೌಹಾರಿ ಎದ್ದು ಕೂತ.

"ಏನೇ ಇದು ನಿನ್ನ ಕೈ! ಹೆಣ ಮುಟ್ಟಿದ ಹಾಗಾಯ್ತು."

"ಚಳಿ ಇದೆ ರೀ. ನಿಮಗೊಬ್ಬರಿಗೇ ರಗ್ಗು ಸಾಲಲ್ಲ, ನನಗೆಲ್ಲಿಂದ ಬಿಸಿ ಬರಬೇಕು?"

ನಗಿಸಲು ಹೇಳಿದಳು. ಅವನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಥರ್ಮಾಮೀಟರ್ ಇಟ್ಟರೆ ಪಾದರಸ ಏರಲೇ ಇಲ್ಲ. ಕೆಟ್ಟಿರಬೇಕು ಎಂದು ಅವರು ಬೇರೆಯದು ಇಟ್ಟರು, ಅದೂ ಏರಲಿಲ್ಲ. ಐದನೇ ದಿನ ಎರಡನೇ ಕೋಣೆಯಲ್ಲಿ ಮೊಟ್ಟೆಗಳು ಒಡೆದು ಮರಿಗಳು ಬಂದವು. ಹಳದಿ ಹತ್ತಿಯುಂಡೆಯಂಥ ಒಂದು ಮರಿಯನ್ನು ಅಂಗೈಗೆ ತೆಗೆದುಕೊಂಡಳು. ಅದು ಚಿಂವ್ ಎಂದಿತು. ನಡುಗಿತು. ಕೊಕ್ಕು ತೆರೆದು ಹಾಗೇ ಸೆಟೆದುಬಿಟ್ಟಿತು. ಅವಳು ಇನ್ನೊಂದನ್ನು ಮುಟ್ಟಲಿಲ್ಲ. ಅಂದು ಮನೆಗೆ ಹೋದಾಗ ಐದು ವರ್ಷದ ಮಗಳು ಓಡಿ ಬಂದಳು. ಇವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಳು.

ಮರುದಿನದಿಂದ ಉಣ್ಣೆಯ ಕೈಗವಸು ಹಾಕಿಕೊಂಡಳು. ಕೆಲಸ ಬಿಡಲಿಲ್ಲ. ಹೆಂಗಸರು ಪಿಸುಗುಟ್ಟಿದರೆ ಅವರ ಕಡೆಯೇ ದಿಟ್ಟಿಸಿ ನೋಡಿದಳು.

ಏಳನೇ ದಿನ ಮೊಟ್ಟೆ ಪರೀಕ್ಷೆ. ಕತ್ತಲ ಕೋಣೆಯಲ್ಲಿ ದೀಪದ ಪೆಟ್ಟಿಗೆಯ ತೂತಿಗೆ ಮೊಟ್ಟೆ ಹಿಡಿದು, ಒಳಗೆ ಜೀವ ಕೂಡಿದೆಯೇ ಎಂದು ನೋಡುವುದು ಅಜ್ಜಿಯ ಕೆಲಸ. ಅದಕ್ಕೇ ಅವಳಿಗೆ ಆ ಹೆಸರು. ಮೂರನೇ ಕೋಣೆಯ ಮೊದಲ ಮೊಟ್ಟೆಯನ್ನು ಮೇಲ್ವಿಚಾರಕಿಯೇ ಹಿಡಿದಳು.

ಚಿಪ್ಪು ಕೆಂಪಗೆ ಹೊಳೆಯಿತು. ಒಳಗೆ ಜೇಡನ ಬಲೆಯಂಥ ನರಗಳು ಇರಬೇಕಿತ್ತು. ಇರಲಿಲ್ಲ. ಒಂದು ಸುರುಳಿ ಇತ್ತು. ಅವಳು ನೋಡುತ್ತಿರುವಾಗಲೇ ಅದು ನಿಧಾನಕ್ಕೆ ಮಗ್ಗಲು ಬದಲಾಯಿಸಿತು.

ಎರಡನೇ ಮೊಟ್ಟೆ. ಸುರುಳಿ. ಮೂರನೆಯದು. ಸುರುಳಿ.

ಅಜ್ಜಿ ದೀಪ ಆರಿಸಿದಳು.

"ಆ ಹುರಿ ಕಟ್ಟಿದ್ದು ಯಾರಜ್ಜಿ?"

"ನಾನೇ."

ಆಮೇಲೆ ಅಜ್ಜಿ ತಡೆತಡೆದು ಹೇಳಿದಳು. ಅವಳ ಗಂಡ ಹಾವು ಹಿಡಿಯುವವನು. ಹನ್ನೆರಡು ವರ್ಷದ ಹಿಂದೆ ಒಂದು ಚಳಿಗಾಲದಲ್ಲಿ ಮೂರನೇ ಕೋಣೆಗೆ ಹಾವು ನುಗ್ಗಿದವೆಂದು ಯಜಮಾನರು ಅವನನ್ನು ಕರೆಸಿದ್ದರು. ಅವನು ಒಳಗಿದ್ದಾಗ ಹಾವುಗಳು ಬಾಗಿಲ ಕಡೆ ಹರಿದವು. ಉಳಿದ ಕೋಣೆಗಳಿಗೆ ಹೋಗಿ ಮೊಟ್ಟೆ ಹಾಳುಮಾಡಿಯಾವೆಂದು ಯಜಮಾನರು ಹೊರಗಿನಿಂದ ಚಿಲಕ ಹಾಕಿಬಿಟ್ಟರು. ಬಾಗಿಲು ಬಡಿಯುವ ಸದ್ದು ನಿಂತ ಮೇಲೆ ತೆಗೆದರು.

"ಬಾಗಿಲು ಹಾಕಿದವನ ಮೈಯ ಬಿಸಿ ಈ ಹಾವುಗಳ ಪಾಲಾಗಲಿ ಅಂತ ಕಟ್ಟಿದೆ. ಯಜಮಾನನಿಗೆ ಹೇಗೋ ಗೊತ್ತಾಯ್ತು. ತನ್ನ ಮೈಬಿಸಿ ಹುಡುಕಿ ಬರದಿರಲಿ ಅಂತ ಕೋಣೆ ಬೆಚ್ಚಗಿಟ್ಟು ಹಾವು ಸಾಕಿದ, ಈ ಕಡೆ ಕಾಲಿಡಲಿಲ್ಲ. ಬೇರೆಯವರ ಕೈಯಲ್ಲಿ ಹುರಿ ಕಡಿಸಿದರೆ ತನಗಿದ್ದದ್ದು ಅವರಿಗೆ ಹೋಗುತ್ತೆ ಅಂತ ಕಾಯ್ತಿದ್ದ."

"ನಿಮ್ಮಿಷ್ಟ ಅಂದರು ನನಗೆ," ಎಂದಳು ಮೇಲ್ವಿಚಾರಕಿ.

"ಆ ಬಾಗಿಲ ಮುಂದೆ ಮೊಣಕಾಲೂರಿ ಬೇಡಿಕೊಳ್ಳಮ್ಮ. ಹಾವುಗಳು ಬಿಟ್ಟರೂ ಬಿಟ್ಟಾವು."

"ಆ ಇಪ್ಪತ್ತಾರನ್ನ ಕೊಂದಿದ್ದು ನಾನು. ಅದು ತಪ್ಪು, ಒಪ್ಪಿಕೊಳ್ತೀನಿ. ಆದರೆ ಯಜಮಾನರು ಮಾಡಿದ್ದಕ್ಕೆ ನಾನು ಮೊಣಕಾಲೂರಲ್ಲ. ಅವರೇ ಬರಲಿ."

ಇಪ್ಪತ್ತೊಂದನೇ ದಿನ ಬೆಳಗ್ಗೆ ಅವಳು ಫೋನು ಮಾಡಿದಳು. ಮೂರನೇ ಕೋಣೆಯ ಹುರಿ ಕಡಿದು ಹಾವುಗಳನ್ನು ಹೊರಹಾಕಿದ್ದಾಗಿದೆ, ಅಲ್ಲಿಟ್ಟ ಮೊಟ್ಟೆ ಬಿರಿಯುತ್ತಿವೆ, ಬಂದು ನೋಡಿ ಎಂದಳು. ಯಜಮಾನರು ಹನ್ನೊಂದಕ್ಕೆಲ್ಲ ಬಂದರು. ದಪ್ಪ ಕೋಟು, ಹೊಳೆಯುವ ಬೂಟು, ಹನ್ನೆರಡು ವರ್ಷದ ಭಾರ ಇಳಿಸಿಟ್ಟ ಮುಖ. ಅವಳು ಹೆಂಗಸರನ್ನೆಲ್ಲ ಅಂಗಳಕ್ಕೆ ಕಳಿಸಿದ್ದಳು. ಬಾಗಿಲು ತೆರೆದು ತಾನೇ ಮೊದಲು ಒಳಗೆ ಹೋಗಿ ನಿಂತಳು.

"ಹನ್ನೆರಡು ವರ್ಷದ ಹಿಂದೆ ಈ ಚಿಲಕ ಹಾಕಿದ್ದು ಯಾರು ಸಾರ್?"

ಯಜಮಾನರು ಹೊಸ್ತಿಲ ಆಚೆಯೇ ನಿಂತರು. "ಯಾರು ಹೇಳಿದ್ದು ನಿಮಗೆ?"

"ಒಳಗೆ ಬನ್ನಿ. ಸತ್ತವರ ಹೆಸರು ಹೇಳಿ, ನಾನೇ ಹಾಕಿದೆ ಅಂತ ಒಂದು ಮಾತು ಹೇಳಿ. ಅಷ್ಟೇ ಸಾಕು."

"ನೋಡಮ್ಮ, ಮೊಟ್ಟೆ ಉಳಿಸಬೇಕಿತ್ತು. ನನ್ನ ಜಾಗದಲ್ಲಿ ನೀನಿದ್ದರೂ..."

ಟಕ್.

ಮೇಲಿನ ತಟ್ಟೆಯಲ್ಲಿ ಒಂದು ಮೊಟ್ಟೆ ಬಿರಿಯಿತು. ಬಿರುಕಿನಿಂದ ಕೊಕ್ಕು ಬರಲಿಲ್ಲ. ಸೀಳುನಾಲಿಗೆ ಬಂತು. ಗಾಳಿಯನ್ನು ನೆಕ್ಕಿ ನೋಡಿ ಮತ್ತೆ ಒಳಗೆ ಹೋಯಿತು. ಟಕ್. ಟಕ್ ಟಕ್. ಮುಂದಿನ ತಟ್ಟೆ. ಅದರ ಕೆಳಗಿನದು.

ಯಜಮಾನರು ಅವಳನ್ನು ನೋಡಿದರು. ತಟ್ಟೆಗಳನ್ನು ನೋಡಿದರು. ಎರಡೂ ಕೈಯಿಂದ ಅವಳ ಎದೆಗೆ ನೂಕಿದರು. ಬಾಗಿಲು ದಡ್ಡೆಂದು ಮುಚ್ಚಿತು. ಹೊರಗೆ ಚಿಲಕ ಬಿತ್ತು. ದೀಪದ್ದೂ ಹೀಟರಿನದ್ದೂ ಗುಂಡಿ ಹೊರಗಿತ್ತು. ಎರಡೂ ಆರಿದವು.

ಕತ್ತಲು.

ಟಕ್ ಟಕ್ ಟಕ್ ಟಕ್. ಜಲ್ಲಿ ಸುರಿದ ಹಾಗೆ. ಹಸಿ ಲೋಳೆಯ ನಾತ. ಒದ್ದೆಯಾದದ್ದೇನೋ ತಟ್ಟೆಯಿಂದ ತಟ್ಟೆಗೆ ಇಳಿಯುವ ಸದ್ದು. ಅವಳು ಬಾಗಿಲು ಬಡಿದಳು. ಒಮ್ಮೆ. ಎರಡು ಸಲ. ಸಾಕು ಎಂದುಕೊಂಡಳು. ಬೆನ್ನು ಬಾಗಿಲಿಗೆ ಕೊಟ್ಟು ನೆಟ್ಟಗೆ ನಿಂತಳು. ಪಾದದ ಮೇಲೆ ಒಂದು ಹರಿಯಿತು. ನಿಂತಿತು. ಕಣಕಾಲಿಗೆ ಸುತ್ತಿತು. ಇನ್ನೊಂದು. ಸೊಂಟ. ಭುಜ. ಕುತ್ತಿಗೆ. ಕಪಾಳದ ಮೇಲೆ ನಾಲಿಗೆ ಆಡಿತು. ಅವಳು ಉಸಿರು ಹಿಡಿದಳು.

"ಕೊಂದದ್ದು ನಾನೇ," ಎಂದಳು ಕತ್ತಲಿಗೆ. "ಬಾಗಿಲು ಹಾಕಿದವಳು ನಾನಲ್ಲ."

ಕಪಾಳದ ಮೇಲಿನದು ಸ್ವಲ್ಪ ಹೊತ್ತು ಹುಡುಕಿತು. ಅವಳ ಮೈಯಲ್ಲಿ ಬಿಸಿಯೇ ಇರಲಿಲ್ಲ. ಕಲ್ಲಿನ ಮೇಲಿಂದ ಇಳಿದಂತೆ ಇಳಿಯಿತು. ಹಿಂದೆಯೇ ಉಳಿದವೂ ಇಳಿದವು. ಬಾಗಿಲ ಬುಡದ ನೀರಿನ ಸಂದಿಯ ಕಡೆಗೆ ಹೊರಟವು. ಸರಸರ. ಸರಸರ. ಮುಗಿಯದ ಸರಸರ. ಹೊರಗೆ ಪಡಸಾಲೆಯಲ್ಲಿ ಬೂಟುಗಳು ಓಡಿದವು. ಜಾರಿದವು. ಒಂದು ಕೂಗು. ಅರ್ಧ ಕೂಗು. ಆಮೇಲೆ ಫ್ಯಾನುಗಳ ಗುಂಯ್ ಒಂದೇ.

ಚಿಲಕ ತೆಗೆದವಳು ದೀಪದಜ್ಜಿ.

ಪಡಸಾಲೆಯಲ್ಲಿ ಒಂದು ಹಾವೂ ಇರಲಿಲ್ಲ. ಯಜಮಾನರು ಗೋಡೆಗೆ ಒರಗಿ ಕುಳಿತಿದ್ದರು. ಮೈಮೇಲೆ ಒಂದೇ ಒಂದು ಕಚ್ಚಿದ ಗುರುತಿಲ್ಲ. ಸುತ್ತಲಿನ ಕೋಣೆಗಳಿಂದ ಬೆವರು ಬರುವಷ್ಟು ಬಿಸಿ ಬೀಸುತ್ತಿದ್ದರೂ ಅವರ ರೆಪ್ಪೆಗಳ ಮೇಲೆ ಬೆಳ್ಳಗೆ ಹಿಮ ಕಟ್ಟಿತ್ತು. ಮೂರನೇ ಕೋಣೆಯಲ್ಲಿ ಹತ್ತು ಸಾವಿರ ಖಾಲಿ ಚಿಪ್ಪು.

ಮೇಲ್ವಿಚಾರಕಿ ತನ್ನ ಕೈಗವಸು ಕಿತ್ತು ಕೆನ್ನೆಗೆ ಒತ್ತಿಕೊಂಡಳು. ಕೈ ಇನ್ನೂ ಮಂಜಿನಂತೆಯೇ ಇತ್ತು.

"ಅವನು ಮತ್ತೆ ಬಾಗಿಲು ಹಾಕಿದ, ಅವನ ಪಾಲು ಅವನಿಗೇ ಬಂತು. ನಿನಗೆ ಹತ್ತಿದ್ದು ಮಾತ್ರ ಉಳಿದುಬಿಡ್ತು," ಎಂದಳು ಅಜ್ಜಿ. ಅವಳ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. "ತೆಗೆಯೋಕೆ ಒಂದೇ ದಾರಿ. ಇನ್ನೊಬ್ಬರ ಮೇಲೆ ಹಾಕಬೇಕು. ಯಾರದ್ದಾದರೂ ಒಂದು ಹೆಸರು ಹೇಳು, ಈಗಲೇ ಕಟ್ಟಿಕೊಡ್ತೀನಿ. ನಿನಗಾಗದವರು ಒಬ್ಬರಾದರೂ ಇರ್ತಾರಲ್ಲ."

ಇದ್ದರು. ಹಿಂದಿನ ಕೆಲಸದಲ್ಲಿ ಕಾಟ ಕೊಟ್ಟವನೊಬ್ಬ. ಮದುವೆಯಲ್ಲಿ ಚುಚ್ಚಿ ಮಾತಾಡಿದ ಅತ್ತಿಗೆ. ಹೆಸರುಗಳು ನಾಲಿಗೆಯ ತುದಿಗೇ ಬಂದು ನಿಂತವು. ಹಾಗೆ ಬಂದವಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಯಾರ ಹೆಸರೂ ಹೇಳಲ್ಲ."

"ಸಾಯೋವರೆಗೂ ಇರುತ್ತಮ್ಮ."

"ಇರಲಿ. ನನ್ನ ಹತ್ತಿರವೇ ನಿಲ್ಲಲಿ. ನೀವೂ ಇನ್ನು ಕಟ್ಟಬೇಡಿ ಅಜ್ಜಿ, ಸಾಕು."

ಅಜ್ಜಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿ, ಹನ್ನೆರಡು ವರ್ಷದಲ್ಲಿ ಮೊದಲ ಸಲ, ಸತ್ತ ಗಂಡನ ಹೆಸರು ಹಿಡಿದು ಅತ್ತಳು.

ಮರುದಿನ ಬೆಳಗ್ಗೆ ಮಗಳು ಬಾಚಣಿಗೆ ಹಿಡಿದು ಬಂದಳು. ಶಾಲೆಗೆ ಹೊತ್ತಾಗಿತ್ತು. ಇಷ್ಟು ದಿನ ಅಪ್ಪ ಬಾಚಿದ ತಲೆ ಕಾಗೆಗೂಡಾಗಿತ್ತು.

"ನೀನೇ ಹಾಕು ಜಡೆ. ಅಪ್ಪಂಗೆ ಬರಲ್ಲ."

ಅವಳು ಒಂದರ ಮೇಲೊಂದು ಎರಡು ಜೊತೆ ಕೈಗವಸು ಹಾಕಿಕೊಂಡು, ಕುರ್ಚಿಯ ಹಿಂದೆ ನಿಂತಳು. ಕೂದಲು ದಪ್ಪ ಉಣ್ಣೆಯಿಂದ ಜಾರಿ ಜಾರಿ ಹೋಗುತ್ತಿತ್ತು.

"ಅದನ್ನ ತೆಗಿಯಮ್ಮ. ಬೇಗ ಆಗುತ್ತೆ."

"ತೆಗೆಯಲ್ಲ. ಅಲ್ಲಾಡದೆ ಕೂತ್ಕೋ."

ಮೂರು ಸಲ ಬಿಚ್ಚಿಹೋಯಿತು. ಶಾಲೆಯ ಬಸ್ಸು ಹಾರ್ನ್ ಹೊಡೆದು ಹೊರಟೇಹೋಯಿತು. ಅವಳು ಹಲ್ಲು ಕಚ್ಚಿ ನಾಲ್ಕನೇ ಸಲ ಮೊದಲಿಂದ ಶುರುಮಾಡಿದಳು.